ಮೂರ್ ಬಯಲಿನಲ್ಲಿ ಶಾಮಲಾಳ ತಿಥಿ

ಪೂಜ್ಯ ನರಹರಿ ಶಾಸ್ತ್ರಿಗಳಿಗೆ, ಕಲ್ಲಾಂಗ್‌ನಿಂದ ವೆಂಕಟೇಶಮೂರ್ತಿಯ ನಮಸ್ಕಾರಗಳು.

ವಿತ್ ಡ್ಯೂ ರೆಸ್ಪೆಕ್ಟ್, ಒಂದು ವಿಚಾರ ಕೇಳಬೇಕಿತ್ತು. ಮಗಳು ಸ್ಪಂದನಾ ಇಂಗ್ಲೆಂಡಿಗೆ ಟಿಕೆಟ್ ಬುಕ್ ಮಾಡಿದ್ದಾಳೆ. ಅಲ್ಲಿ ಸಮುದ್ರದ ಅಂಚಿಗೆ ಮೂರ್ ಅಂತ ಮರವೇ ಇಲ್ಲದ ದೊಡ್ಡ ಬಯಲು, ಬಯಲ ತುಂಬಾ ನೇರಳೆ ಹೂವು, ನಡುವೆ ಪಾಳುಬಿದ್ದ ಹಳೇ ಚರ್ಚು. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು "ಮೂರ್ ಅಂದ್ರೆ ಬಂಜರು ಅಂತ ಬರ್ಕೊಳ್ಳಿ" ಅಂದಾಗ, ಮುಂದಿನ ಬೆಂಚಿನ ಶಾಮಲಾ "ಬಂಜರಲ್ಲಿ ಅಷ್ಟು ಹೂವು ಹೇಗೆ ಸರ್?" ಅಂದಿದ್ದಳು. ಆಮೇಲೆ ನನ್ನ ಹೆಂಡತಿಯಾದಳು. ಇಬ್ಬರೂ ಹೋಗಿ ನೋಡೋಣ ಅಂತಿದ್ದೆವು. ಅದು ಹಾಗಿರಲಿ.

ಅವಳ ವರ್ಷದ ತಿಥಿ ನಾವು ಅಲ್ಲಿರುವಾಗಲೇ ಬರುತ್ತೆ. "ಅಲ್ಲೇ ಮಾಡೋಣ ಅಪ್ಪ, ಶಾಸ್ತ್ರಿ ಅಂಕಲ್ ವೀಡಿಯೊ ಕಾಲ್‌ನಲ್ಲಿ ಹೇಳಿಕೊಡ್ತಾರೆ" ಅಂತಾಳೆ ಮಗಳು. ನನ್ನ ಭಯ ಒಂದೇ. ಶಾಮಲಾ ಅಭ್ಯಾಸಬಲದಿಂದ ಇಲ್ಲಿ ಕಲ್ಲಾಂಗ್‌ನ ನಮ್ಮ ಮನೆಗೇ ಬಂದು, ಬೀಗ ನೋಡಿ, ಹಸಿದು ವಾಪಸ್ ಹೋಗಬಾರದು. ದಯವಿಟ್ಟು ಸಂಕಲ್ಪದಲ್ಲಿ ಜಾಗ ಹೇಳುವ ಕಡೆ ಆ ಸಮುದ್ರ, ಆ ಬಯಲು ಸರಿಯಾಗಿ ಸೇರಿಸಿ. ಕಾಗೆ ಕಾಣದಿದ್ದರೆ ಅಲ್ಲಿನ ಕಡಲ ಹಕ್ಕಿ ಸೀಗಲ್‌ಗೆ ಪಿಂಡ ಇಡಬಹುದೇ, ಅದನ್ನೂ ತಿಳಿಸಿ.

ಹೂವು ಬಿಡುವ ತಿಂಗಳೂ ಅದೇ ಅಂತೆ. ಮಂತ್ರ ಸ್ವಲ್ಪ ನಿಧಾನವಾಗಿ ಹೇಳಿ. ಊಟಕ್ಕೆ ಮುಂಚೆ ಅವಳು ಬಯಲನ್ನೆಲ್ಲ ಒಂದು ಸುತ್ತು ನೋಡಿಕೊಂಡು ಬರಲಿ.

ಯುವರ್ಸ್ ಒಬೀಡಿಯೆಂಟ್ಲಿ,
ವೆಂಕಟೇಶಮೂರ್ತಿ