ಹೆಸರಿಲ್ಲದ ನಲವತ್ತು ಓಬಿಬಿಗಳು

ಗುಲು
ಆಗಸ್ಟ್ 14, 2019

ನನ್ನ ಬೆನ್ನಿಗೆ ಹುಟ್ಟಿದ ಒಲಾನ್ಯ,

ನೀನು, ನಿನ್ನ ಹೆಂಡತಿ, ಪುಟ್ಟ ಅಡೋಚ್ ಎಲ್ಲರೂ ಚೆನ್ನಾಗಿದ್ದೀರೆಂದು ಕಿಟ್ಗುಂ ಬಸ್ಸಿನ ಡ್ರೈವರ್ ಹೇಳಿದ. ನಿನ್ನ ಬಾಯಿಂದ ಕೇಳಬೇಕಾದ ಸುದ್ದಿಯನ್ನು ಬಸ್ಸಿನವನಿಂದ ಕೇಳುವ ಗತಿ ತಂದುಕೊಂಡವಳು ನಾನೇ. ನಿನ್ನ ಪತ್ರ ಬಂದು ನಾಲ್ಕು ತಿಂಗಳಾಯಿತು. ನೆಲಗಡಲೆ ಕಿತ್ತು ಒಣಗಿಸುವುದಿತ್ತು, ಅವ್ವನ ಕಣ್ಣಿನ ಪೊರೆ ತೆಗೆಸುವುದಿತ್ತು ಎಂದೆಲ್ಲ ಬರೆಯಬಹುದು. ಎಲ್ಲ ನಿಜವೇ. ಆದರೆ ತಡವಾದದ್ದು ಅದರಿಂದಲ್ಲ. ಎರಡು ಸಲ ನಿನ್ನ ನಂಬರ್ ಒತ್ತಿ, ನೀನು ಹಲೋ ಅನ್ನುವ ಮೊದಲೇ ಫೋನ್ ಇಟ್ಟುಬಿಟ್ಟೆ. ನಿನ್ನ ದನಿ ಕೇಳಿದರೆ ತಮಾಷೆಗೆ ಇಳಿಯುತ್ತೇನೆ, ಮಾತು ತಪ್ಪಿಸುತ್ತೇನೆ. ಕಾಗದದ ಮೇಲೆ ಅದು ಅಷ್ಟು ಸುಲಭವಲ್ಲ.

ಅವ್ವನಿಗೆ ಈಗ ಬಲಗಣ್ಣು ಚೆನ್ನಾಗಿ ಕಾಣುತ್ತದೆ. ಪಟ್ಟಿ ಬಿಚ್ಚಿದ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ಮುದುಕಿ ಯಾವಾಗ ಆದ್ಯೇ? ನಂಗ್ಯಾರೂ ಹೇಳ್ಲೇ ಇಲ್ಲ" ಎಂದಳು. ಎಳ್ಳು ಅರೆದು ಡಬ್ಬಿಗೆ ತುಂಬಿಟ್ಟಿದ್ದಾಳೆ, ಈ ಪತ್ರದ ಜೊತೆಗೇ ಬರುತ್ತದೆ. ಡ್ರೈವರ್ ಅರ್ಧ ತಿಂದರೆ ನನ್ನ ಮೇಲೆ ಸಿಟ್ಟಾಗಬೇಡ.

ಈಗ ನಿನ್ನ ಪತ್ರದ ವಿಷಯ.

ನನ್ನ ಓಬಿಬಿ ರಾಜನ ಕಥೆ ಇಷ್ಟು ದೂರ ಹೋಗುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಅಜ್ಜಿ ಬೆಂಕಿಯ ಸುತ್ತ ಕೂರಿಸಿ ಹೇಳುತ್ತಿದ್ದ ನರಭಕ್ಷಕ ಓಬಿಬಿಗಳನ್ನೇ ಎತ್ತಿಕೊಂಡು, ಅವಕ್ಕೊಬ್ಬ ರಾಜನನ್ನು, ಒಂದು ಕೋಟೆಯನ್ನು, ನಲವತ್ತು ಕಾವಲುಗಾರರನ್ನು ಕೊಟ್ಟೆ. ರಾಜ ಏಳು ಊರು ನುಂಗಿದ. ಎರಡನೆಯ ಪುಸ್ತಕದ ಕೊನೆಗೆ ಪಶ್ಚಾತ್ತಾಪ ಪಟ್ಟ. ನಾಯಕಿ ಅವನ ಮುಂದೆ ಕೋಳಿಮೊಟ್ಟೆ ಇಟ್ಟಳು, ಅವನು ತುಳಿದ, ಶುದ್ಧನಾದ. ಆ ಅಧ್ಯಾಯವನ್ನು ನಾನು ರೇಡಿಯೋದಲ್ಲಿ ಓದಿದ ಶನಿವಾರ ಗುಲು ಮಾರುಕಟ್ಟೆಯಲ್ಲಿ ಹೆಂಗಸರು ಟೊಮೆಟೊ ತೂಗುವುದು ಬಿಟ್ಟು ಅತ್ತರಂತೆ. ನನಗೆ ಹೆಮ್ಮೆಯಾಯಿತು. ಸುಳ್ಳೇಕೆ ಹೇಳಲಿ, ಬಹಳ ಹೆಮ್ಮೆಯಾಯಿತು.

ಮರುದಿನ ಅನಾಕಾದಿಂದ ಅಟಿಮ್ ಎಂಬ ಮುದುಕಿ ರೇಡಿಯೋಗೆ ಫೋನ್ ಮಾಡಿ ನನ್ನನ್ನೇ ಕರೆಸಿಕೊಂಡಳು. "ಮಗಳೇ, ನೀನು ಓದಿದೋಳು. ಆದ್ರೂ ಕೇಳ್ತೀನಿ. ಮೊಟ್ಟೆ ಇಟ್ಟಿದ್ದು ಯಾರ ಮನೆ ಬಾಗಿಲಲ್ಲಿ?" ಎಂದಳು. ಕೋಟೆಯ ಬಾಗಿಲಲ್ಲಿ ಎಂದೆ. "ಅದು ಅವನದೇ ಮನೆ ಅಲ್ವೇ? ಮೊಟ್ಟೆ ತುಳಿಯೋದು ಕಳೆದುಹೋಗಿ ವಾಪಸ್ ಬಂದೋರು. ಇವನು ಎಲ್ಲಿ ಕಳೆದುಹೋಗಿದ್ದ? ಇವನಿಗಾಗಿ ಯಾವ ತಾಯಿ ದಾರಿ ಕಾಯ್ತಿದ್ಲು? ಸುಮ್ನೆ ಒಂದು ಮೊಟ್ಟೆ ಹಾಳು ಮಾಡ್ದೆ." ಸ್ಟುಡಿಯೋದವರೆಲ್ಲ ನಕ್ಕರು, ನಾನೂ ನಕ್ಕೆ. ನಮ್ಮವರಲ್ಲಿ ಹುಟ್ಟಿದವಳು ಮಾಡಬಾರದ ತಪ್ಪು ಅದು. ಪರವೂರಿನವಳು ಬರೆದಂತಿತ್ತು.

ಅದೇ ವಾರ ನಿನ್ನ ಪತ್ರ ಬಂತು. ಅದನ್ನು ಓದಿ ನಗಲಾಗಲಿಲ್ಲ. ನೀನು ಬರೆದದ್ದು ಐದೇ ಸಾಲು. "ಅಕ್ಕಾ, ನಿನ್ನ ರಾಜನಿಗೆ ಕ್ಷಮೆ ಸಿಕ್ಕಾಗ ನನ್ನ ಸೈಕಲ್ ಅಂಗಡಿ ಮುಂದೆ ನಿಂತಿದ್ದೋರೆಲ್ಲ ಅತ್ರು. ನಂಗೆ ಮಾತ್ರ ಸೇತುವೆ ಮೇಲೆ ಸುಟ್ಟುಹೋದ ನಲವತ್ತು ಕಾವಲುಗಾರರದ್ದೇ ಯೋಚನೆ. ಅವರಲ್ಲಿ ಒಬ್ಬನಿಗೂ ಹೆಸರಿಲ್ಲ. ನಾನು ಆ ನಲವತ್ತರಲ್ಲಿ ಒಬ್ಬ. ಮೂರನೇ ಪುಸ್ತಕ ಅಚ್ಚಿಗೆ ಹೋಗೋ ಮುಂಚೆ ಒಬ್ಬನನ್ನಾದರೂ ಬದುಕಿಸಿ ಮನೆಗೆ ಕರ್ಕೊಂಡು ಬಾ."

ಒಲಾನ್ಯ, ಈ ಕಟ್ಟುಕಥೆಗಳ ಲೋಕದಲ್ಲಿ ದಯೆ ಎಷ್ಟು ಅಂತಸ್ತು ನೋಡುವ ದಯೆ ಎಂದು ನನಗೆ ಆಗ ಕಂಡಿತು. ಮಾಂತ್ರಿಕರು, ರಾಕ್ಷಸರು, ಕತ್ತಲೆಯ ದೊರೆಗಳು ಎಂದು ಯಾವ ದೇಶದವರು ಬರೆದರೂ ಇದೇ ಕಥೆ. ಕಿರೀಟವಿದ್ದವನಿಗೆ ಮನಃಪರಿವರ್ತನೆ. ಅವನಿಗೊಂದು ಬಾಲ್ಯ, ಒಂದು ಹಳೆಯ ಗಾಯ, ಒಂದು ಹನಿ ಕಣ್ಣೀರು. ಅವನ ಈಟಿ ಹೊತ್ತವನಿಗೆ ಬೆಂಕಿ. ಅವನು ಯಾರ ಮಗ, ಯಾರು ಅವನನ್ನು ಎಳೆದು ತಂದು ಕೈಗೆ ಈಟಿ ಕೊಟ್ಟರು ಎಂದು ಕೇಳುವವರಿಲ್ಲ. ಏಳು ಊರು ನುಂಗಲು ಹೇಳಿದವನು ಮೊಟ್ಟೆ ತುಳಿದು ಸಿಂಹಾಸನಕ್ಕೆ ಮರಳುತ್ತಾನೆ. ನುಂಗದಿದ್ದರೆ ನಿನ್ನನ್ನೇ ನುಂಗುತ್ತೇವೆ ಎಂದು ಹೆದರಿಸಿಕೊಂಡವನು ಒಂದೇ ವಾಕ್ಯದಲ್ಲಿ ಬೂದಿಯಾಗುತ್ತಾನೆ. ಆ ವಾಕ್ಯ ಬರೆದವಳು ನಾನು. ಯುದ್ಧದ ದಿನಗಳಲ್ಲಿ ನಿರಾಶ್ರಿತರ ಶಿಬಿರದಿಂದ ಶಿಬಿರಕ್ಕೆ ನಡೆದು, ಬಂಡುಕೋರರು ಕಾಡಿಗೆ ಎಳೆದೊಯ್ದ ಮಕ್ಕಳಿಗಾಗಿ ಸೈನಿಕರ ಲಾರಿಗೆ ಅಡ್ಡ ಕೂತು, "ನಮ್ಮ ಮಕ್ಕಳನ್ನು ಕೊಲ್ಲಬೇಡಿ, ಮನೆಗೆ ಕಳಿಸಿ" ಎಂದು ಗಂಟಲು ಹರಿದುಕೊಂಡವಳು ನಾನು. ಕೂಗುವಾಗ ಒಂದು ನ್ಯಾಯ, ಬರೆಯುವಾಗ ಇನ್ನೊಂದು.

ನೀನು ಕೇಳಿದ್ದನ್ನು ಬರೆಯಲು ಕೂತೆ. ಒಬ್ಬ ಕಾವಲುಗಾರ ಸೇತುವೆಯಿಂದ ನದಿಗೆ ಹಾರಿ ಬದುಕಿದ. ಅವನಿಗೆ ನ್ಯೆಕೊ ಎಂದು ಹೆಸರಿಟ್ಟೆ. ಬೇಟೆಗಾರರು ಅವನನ್ನು ಹಿಡಿದಾಗ ನಾಯಕಿ ಅಡ್ಡ ಬಂದಳು, ಇವನು ನನ್ನ ತಮ್ಮ ಎಂದಳು. ಇಲ್ಲಿಯವರೆಗೆ ಮೂರು ದಿನದಲ್ಲಿ ಬರೆದೆ. ಆಮೇಲೆ ಅವನನ್ನು ಮನೆಬಾಗಿಲಿಗೆ ತಂದು ನಿಲ್ಲಿಸಿದೆ, ಹೊಸ್ತಿಲ ಮುಂದೆ ಮೊಟ್ಟೆ ಇಟ್ಟೆ. ಅಟಿಮ್ ಮುದುಕಿ ಮೆಚ್ಚುವ ಹಾಗೆ, ಈ ಸಲ ಸರಿಯಾದ ಬಾಗಿಲಲ್ಲೇ ಇಟ್ಟೆ. ಅಲ್ಲಿ ಕೈ ನಿಂತುಹೋಯಿತು. ಮೂರು ತಿಂಗಳು ಅವನು ಕಾಲೆತ್ತಿಕೊಂಡು ಹಾಗೇ ನಿಂತಿದ್ದಾನೆ.

ನೀನು ಕಾಡಿನಿಂದ ಬಂದ ದಿನ ನೆನಪಿದೆಯಲ್ಲ? ಏಳು ವರ್ಷದ ನಂತರ. ಹದಿನೇಳರ ಹುಡುಗ, ಮುದುಕನ ಕಣ್ಣು. ದೊಡ್ಡಪ್ಪ ಹೇಳಿದಂತೆ ನಾನೇ ಮೊಟ್ಟೆ ತಂದು ಇಟ್ಟೆ. ನೀನು ತುಳಿದೆ. ನಿನ್ನ ಅಂಗಾಲಿಗೆ ಅಂಟಿದ ಚಿಪ್ಪನ್ನು ನಾನೇ ಒರೆಸಿದೆ. ಹೊರಗೆ ಮೆತ್ತಿಕೊಂಡದ್ದೆಲ್ಲ ಹೊರಗೇ ಉಳಿಯಲಿ ಎಂದರು ಹಿರಿಯರು. ಎಲ್ಲರೂ ನಿನ್ನನ್ನು ಕ್ಷಮಿಸಿದೆವು. ಎಂಥ ದೊಡ್ಡ ಮನಸ್ಸು ನಮ್ಮದು. ಹತ್ತು ವರ್ಷದ ಮಗುವನ್ನು ಎಳೆದುಕೊಂಡು ಹೋಗಿದ್ದಕ್ಕೆ ಆ ಮಗುವನ್ನೇ ಕ್ಷಮಿಸಿದೆವು.

ಹೊರಗಿನಿಂದ ಬಂದವನಿಗೆ ಮೊಟ್ಟೆ ಇದೆ. ಮನೆಯಲ್ಲೇ ಉಳಿದವಳ ಕಾಲಿನ ಕೆಳಗೆ ಯಾರೂ ಏನೂ ಇಡುವುದಿಲ್ಲ, ಅವಳನ್ನು ಯಾರೂ ಏನೂ ಕೇಳುವುದಿಲ್ಲ. ನನ್ನ ಕಥೆ ನಿಂತದ್ದು ಅಲ್ಲಿ. ನ್ಯೆಕೊ ಹೊಸ್ತಿಲಲ್ಲಿ ನಿಂತು ಅಕ್ಕನ ಮುಖ ನೋಡಿ ಕೇಳುತ್ತಾನೆ, "ಅವತ್ತು ಅವರಿಗೆ ನಾನು ಹೇಗೆ ಸಿಕ್ದೆ?" ಅವಳು ಉತ್ತರ ಕೊಡಬೇಕು. ಆ ಜಾಗ ಖಾಲಿ ಬಿಟ್ಟಿದ್ದೇನೆ. ಹಾಳೆಗಳು ಇದರ ಜೊತೆಗಿವೆ. ಅಚ್ಚಿನವನು ತಿಂಗಳ ಕೊನೆಯವರೆಗೆ ಕಾಯುತ್ತಾನೆ. ಕೊಡಬೇಕೋ ಬೇಡವೋ ಎಂದು ನೀನು ಹೇಳಬೇಕು, ನಾನಲ್ಲ. ಈ ಪತ್ರವನ್ನು ಪೂರ್ತಿ ಓದಿದ ಮೇಲೆ ಹೇಳು.

ಅಡೋಚ್ ಎತ್ತರ ಬೆಳೆಯಲಿ, ನಿನ್ನಷ್ಟು ಕಡಿಮೆ ಮಾತಿನವಳಾಗದಿರಲಿ. ನಿನ್ನ ಹೆಂಡತಿಯ ಕೈಯ ಅಡುಗೆ ಎಂದೂ ನಿನಗೆ ತಪ್ಪದಿರಲಿ. ನಿನ್ನ ಅಂಗಡಿಯ ಮುಂದೆ ಯಾವಾಗಲೂ ಮುರಿದ ಸೈಕಲ್ ನಿಂತಿರಲಿ. ನಿನ್ನನ್ನು ಹರಸುವ ಯೋಗ್ಯತೆ ಇಲ್ಲದಿದ್ದರೂ ಹರಸುತ್ತಿದ್ದೇನೆ.

ನಿನ್ನ ಅಕ್ಕ
ಲಮುನು

ಮರೆತದ್ದು:

ಮರೆತದ್ದಲ್ಲ. ಇದನ್ನು ಬರೆಯಲೆಂದೇ ಮೇಲಿನದೆಲ್ಲ ಬರೆದೆ.

ಆ ಬೆಳಿಗ್ಗೆ ನಾನು ಬಾವಿಯಿಂದ ನೀರು ಹೊತ್ತು ಬರುತ್ತಿದ್ದೆ. ಅವರು ದಾರಿಯಲ್ಲಿ ಸಿಕ್ಕರು. ಇಬ್ಬರು, ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬೇಕು, ಅಷ್ಟೇ. ಒಬ್ಬನ ಮೂಗು ಸೋರುತ್ತಿತ್ತು. "ಗಂಡುಹುಡುಗ ಇದ್ರೆ ತೋರ್ಸು. ಇಲ್ದಿದ್ರೆ ನೀನೇ ನಡಿ" ಎಂದ. ಅವ್ವ ನಿನ್ನನ್ನು ಕಣಜದೊಳಗೆ ಇಳಿಸಿ ಮುಚ್ಚಳ ಹಾಕಿದ್ದನ್ನು ನಾನು ನೋಡಿದ್ದೆ. ನಾನು ಒಂದು ಮಾತೂ ಆಡಲಿಲ್ಲ. ಬೆರಳೂ ಎತ್ತಲಿಲ್ಲ, ತಲೆಯ ಮೇಲೆ ಕೊಡವಿತ್ತು, ಎರಡೂ ಕೈ ಅದರ ಮೇಲಿದ್ದವು. ಮಾರುಕಟ್ಟೆಗೆ ದಾರಿ ಕೇಳಿದವರಿಗೆ ತೋರಿಸುತ್ತೇವಲ್ಲ, ಹಾಗೆ ತುಟಿ ಚಾಚಿ ಕಣಜದ ಕಡೆ ತೋರಿಸಿದೆ. ಇಪ್ಪತ್ಮೂರು ವರ್ಷ ನನಗೆ ನಾನೇ ಹೇಳಿಕೊಂಡೆ, ನಾನೇನೂ ಹೇಳಲಿಲ್ಲ, ನಾನೇನೂ ಹೇಳಲಿಲ್ಲ ಎಂದು. ಕೊಡದ ನೀರು ಒಂದು ಹನಿಯೂ ಚೆಲ್ಲಲಿಲ್ಲ.

ನೀನು ಇವತ್ತಿಗೂ ರಾಗಿ ಹೊಟ್ಟಿನ ಧೂಳಿಗೆ ಕೆಮ್ಮಿಬಿಟ್ಟೆ, ಅದಕ್ಕೇ ಸಿಕ್ಕಿಬಿದ್ದೆ ಎನ್ನುತ್ತೀಯ. ಅಡೋಚ್ ಕೆಮ್ಮಿದರೆ ನಿನ್ನ ಕೈ ತಾನಾಗಿ ಅವಳ ಬಾಯಿಗೆ ಹೋಗುವುದನ್ನು ಹೋದ ಸಲ ಬಂದಾಗ ನೋಡಿದೆ. ನೋಡಿಯೂ ಸುಮ್ಮನೆ ಉಂಡು ಎದ್ದೆ.

ನೀನು ಕೆಮ್ಮಿದ್ದು ಅವರಿಗೆ ಕೇಳಿಸಿಯೇ ಇರಲಿಲ್ಲ, ತಮ್ಮಾ. ಅಷ್ಟರಲ್ಲಿ ಅವರು ನೇರ ಕಣಜದ ಕಡೆಗೇ ನಡೆದಿದ್ದರು.