ಒಂದೇ ರಾತ್ರಿ ಹಚ್ಚುವ ಮುಲಾಮು

ಮಂಗಳವಾರ, ಮಧ್ಯಾಹ್ನ

ಪುಟ್ಟಿಯ ಅಪ್ಪನಿಗೆ,

ಜಗಳಕ್ಕೆ ಬರೆಯುತ್ತಿಲ್ಲ, ಗಾಬರಿಯಾಗಬೇಡಿ. ಕೊನೆಯವರೆಗೆ ಓದಿ, ಆಮೇಲೆ ಬೇಕಾದರೆ ಹರಿದು ಹಾಕಿ.

ನಮ್ಮ ಕಟ್ಟಡದಲ್ಲಿ ಕಜ್ಜಿ ಇನ್ನೂ ನಿಂತಿಲ್ಲ. ಮೇಲಿನ ಮಹಡಿಯಿಂದ ಕೆಳಗಿನವರೆಗೆ ಎಲ್ಲರೂ ಬೆರಳ ಸಂದು ಕೆರೆಯುವವರೇ, ಎದುರು ಸಿಕ್ಕರೆ ಕೈ ಹಿಂದಕ್ಕೆ ಕಟ್ಟಿಕೊಳ್ಳುವವರೇ. ಆಸ್ಪತ್ರೆಯ ಹಾಸಿಗೆಬಟ್ಟೆ ಒಗೆಯುವ ನಾನೇ ಇದನ್ನು ಮನೆಗೆ ತಂದೆ ಅಂತ ನೀವು ನಿಮ್ಮ ಕೆಲಸದ ಬೇಕರಿಯ ಅಟ್ಟಕ್ಕೆ ಮಲಗಲು ಹೋದಿರಲ್ಲ, ಇರಲಿ. ತಂದಿದ್ದರೂ ತಂದಿರಬಹುದು, ವಾದಕ್ಕೆ ನಿಲ್ಲುವುದಿಲ್ಲ.

ಪುಟ್ಟಿಯ ವಿಷಯ ಕೇಳಿ. ಎರಡು ಸಲ ಕುತ್ತಿಗೆಯಿಂದ ಪಾದದವರೆಗೆ ಮುಲಾಮು ಹಚ್ಚಿದೆ, ಹೊದಿಕೆ ಕುದಿಸಿದೆ. ಇನ್ನೇನು ವಾಸಿಯಾಯಿತು ಅನ್ನುವಾಗ ಮತ್ತೆ ಹೊಸ ಗುಳ್ಳೆ. ಕೆರೆದು ಕೆರೆದು ಕೀವು ತುಂಬಿ ಜ್ವರ ಬಂದಿದೆ, ಪೆನ್ಸಿಲ್ ಹಿಡಿಯಲು ಆಗುತ್ತಿಲ್ಲ. ಇನ್ನೊಂದು ಸಲ ಮರುಕಳಿಸಿದರೆ ಆಸ್ಪತ್ರೆಗೆ ಸೇರಿಸಬೇಕಂತೆ. ನನಗೆ ಭಯವಾಗಿದೆ ರೀ.

ನಿನ್ನೆ ನರ್ಸಮ್ಮ ಬಂದು ಗದರಿದರು. ತುರಿಕೆ ಇದ್ದವರು ಇಲ್ಲದವರು ಎಲ್ಲರೂ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು, ಒಬ್ಬರನ್ನು ಬಿಟ್ಟರೂ ಕಜ್ಜಿಯ ಹುಳ ಸುತ್ತಿ ಬರುತ್ತದೆ, ಯಾರನ್ನು ಬಿಟ್ಟಿದ್ದೀಯ ಅಂತ ಕೇಳಿದರು. ಗಂಡ ಮನೆಯಲ್ಲಿ ಮಲಗುತ್ತಿಲ್ಲ ಅಂತ ಹೇಳಲು ನಾಚಿಕೆಯಾಗಿ, ಮೊದಲು ನಾನು ನಿಮ್ಮ ಹೆಸರನ್ನೇ ಎತ್ತಿರಲಿಲ್ಲ. ನೀವೋ ಪ್ರತಿ ಭಾನುವಾರ ಬಂದು ಅವಳನ್ನು ಎದೆಯ ಮೇಲೆ ಮಲಗಿಸಿಕೊಂಡು ಹೋಗುತ್ತೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ನಾನು ಮಗುವಿನ ಮೈಯನ್ನೇ ಉಜ್ಜುತ್ತಾ ಕೂತಿದ್ದೆ. ಈ ಸಲ ನಿಜ ಹೇಳಿದೆ. ನಿಮ್ಮ ಪಾಲಿನ ಮುಲಾಮನ್ನು ಈ ಪತ್ರದ ಜೊತೆ ಹಾಲಿನವರ ಕೈಲಿ ಕಳಿಸುತ್ತಿದ್ದೇನೆ.

ನಾಳೆ ರಾತ್ರಿ ಹಚ್ಚಿಕೊಳ್ಳಿ. ನನಗೇನೂ ಆಗಿಲ್ಲ ಅನ್ನುವ ಜಂಬ ಬೇಡ. ಮೊನ್ನೆ ಮಣಿಕಟ್ಟನ್ನು ಬಾಗಿಲಿಗೆ ಉಜ್ಜುತ್ತಿದ್ದಿರಿ, ನೋಡಿದೆ. ನಾವಿಬ್ಬರೂ ಇಲ್ಲಿ ಅದೇ ರಾತ್ರಿ ಹಚ್ಚಿಕೊಳ್ಳುತ್ತೇವೆ. ನನ್ನ ಮೇಲಿನ ಸಿಟ್ಟು ಆಮೇಲೆ ಎಷ್ಟಾದರೂ ಇಟ್ಟುಕೊಳ್ಳಿ, ಮಗಳಿಗೋಸ್ಕರ ಇದೊಂದು ಮಾಡಿ.

ಇತಿ,
ಪುಟ್ಟಿಯ ಅಮ್ಮ

ತಾ.ಕ.: ನಿನ್ನ ಗಂಡನ ಜೊತೆ ಮಲಗುವವರು ಬೇರೆ ಯಾರಾದರೂ ಇದ್ದಾರಾ ಅಂತಲೂ ನರ್ಸಮ್ಮ ಕೇಳಿದರು. ಇದ್ದಾರೆ ಅಂದೆ. ಬೆಳಿಗ್ಗೆ ಬೇಕರಿ ಪಕ್ಕದ ಆ ಹೊಲಿಗೆಯವಳ ಮನೆಗೆ ಹೋಗಿದ್ದೆ. ಬಾಗಿಲು ತೆರೆದವಳು ನನ್ನನ್ನು ನೋಡಿ ಹಿಂದಕ್ಕೆ ಸರಿದಳು. ಬೈಯಬೇಕು ಅಂತಲೇ ಹೋಗಿದ್ದೆ, ಅವಳ ಬೆರಳ ಸಂದಿಯಲ್ಲೂ ಪುಟ್ಟಿಯದೇ ಗುಳ್ಳೆ ಕಂಡು, ನಾಳೆ ನೀನೂ ಮುಲಾಮು ಹಚ್ಚಿಕೋ ಅಂದೆ. ಒಂಟಿ ಹೆಂಗಸು, ಬೆನ್ನಿಗೆ ಕೈ ಎಟುಕುವುದಿಲ್ಲ ಅಂದಳು. ನಾಳೆ ಸಂಜೆ ನಾನೇ ಹೋಗಿ ಹಚ್ಚಿ ಬರುತ್ತೇನೆ. ನಿಮ್ಮ ಬೆನ್ನು ನೀವು ನೋಡಿಕೊಳ್ಳಿ.