ಸ್ಪಾಸ್ ಮುಚ್ಚದೆ ಬಿಟ್ಟ ಚೀಟಿ

ಪ್ಲೋವ್ದಿವ್, ಮಾರ್ಚ್ ೧೧, ಮಂಗಳವಾರ

ನನ್ನ ಜೊತೆ ಕೆಲಸ ಮಾಡುತ್ತಿದ್ದ ಸ್ಪಾಸ್ ತೀರಿಕೊಂಡು ಇವತ್ತಿಗೆ ಆರು ತಿಂಗಳು. ಅವನ ಹೆಂಡತಿ ಬಂದು, ಅವನ ಫೋಟೊ ಇರುವ ಸ್ಮರಣೆಯ ಕಾಗದವನ್ನು ನಮ್ಮ ಆಫೀಸಿನ ಬಾಗಿಲಿಗೂ ಅಂಟಿಸಿ ಹೋದರು. ಅದೇ ಬಾಗಿಲಿನಿಂದ ಒಳಬಂದ ಮ್ಯಾನೇಜರ್ ಕ್ರಾಸಿಮಿರ್, “ಆ ಹಳೇ ವಿಂಡೋಸ್ ಇನ್ನು ಯಾರಿಗಮ್ಮಾ ಬೇಕು? ಡಿಸ್ಕ್ ತುಂಬ್ತಿದೆ, ನಾಳೆ ಅಳಿಸಿಬಿಡು” ಎಂದ.

ನಮ್ಮ ಸಾಫ್ಟ್‌ವೇರ್ ಪರೀಕ್ಷಿಸಲು ನನ್ನ ಒಂದೇ ಕಂಪ್ಯೂಟರಿನೊಳಗೆ ಒಂಬತ್ತು ವರ್ಚುವಲ್ ಯಂತ್ರಗಳು, ಎಂದರೆ ಕಂಪ್ಯೂಟರಿನೊಳಗೇ ಓಡುವ ಕಂಪ್ಯೂಟರುಗಳು, ಒಂದೊಂದರಲ್ಲಿ ಒಂದೊಂದು ಕಾಲದ ವಿಂಡೋಸ್. ಪರೀಕ್ಷೆ ಮುಗಿದೊಡನೆ ಪ್ರತಿಯೊಂದನ್ನೂ ಮೊದಲೇ ಉಳಿಸಿಟ್ಟ ಸ್ಥಿತಿಗೆ ಮರಳಿಸಬೇಕು; ಆಮೇಲೆ ಮಾಡಿದ್ದೆಲ್ಲ ಅಳಿಸಿಹೋಗುತ್ತದೆ. “ಉಳಿಸೋ ಮುಂಚೆ ಎಲ್ಲಾ ಕ್ಲೀನಾಗಿರ್ಬೇಕು ಕಣೇ” ಎಂದು ನನ್ನ ತಲೆ ತಿನ್ನುತ್ತಿದ್ದ ಸ್ಪಾಸ್, ಆ ಹಳೇ ವಿಂಡೋಸ್ ಯಂತ್ರವನ್ನು ಉಳಿಸುವಾಗ ಅದರ ಪರದೆಯ ಮೇಲೆ ನನಗೆ ಬರೆದ ಚೀಟಿಯನ್ನೇ ಮುಚ್ಚಲು ಮರೆತಿದ್ದ. ಆ ಯಂತ್ರವನ್ನು ತೆರೆದಾಗಲೆಲ್ಲ ಪರದೆಯ ಮೇಲೆ ಅವನ ಸಾಲು: “ಝೊರ್ನಿತ್ಸಾ, ಚೀಸ್ ತುಂಬಿದ ಬಾನಿತ್ಸಾ ತಂದಿದೀನಿ, ಒಂದು ತುಂಡು ನಿಂಗೆ. ಸಿಟ್ಟು ಇಳಿದಿದ್ರೆ ಬಾ.”

ಅವತ್ತು ನಾನು ಹೋಗಲಿಲ್ಲ. ಯಾವುದಕ್ಕೆ ಸಿಟ್ಟು ಮಾಡಿಕೊಂಡಿದ್ದೆನೋ, ಈಗ ಅದೂ ನೆನಪಿಲ್ಲ.

ಇವತ್ತು ಆ ಸಾಲಿನ ಕೆಳಗೆ “ಬಂದೆ” ಎಂದು ಬರೆದೆ. ಪರೀಕ್ಷೆ ಮುಗಿಯಿತು. ಅಭ್ಯಾಸಬಲದಿಂದ ಕೈ ತಾನಾಗಿಯೇ ಯಂತ್ರವನ್ನು ಹಿಂದಿನ ಸ್ಥಿತಿಗೆ ಮರಳಿಸಿತು. ನನ್ನ “ಬಂದೆ” ಹೋಗಿತ್ತು. ಅವನು ಇನ್ನೂ ಕರೆಯುತ್ತಿದ್ದ.